ಹೊಟ್ಟೆಗೆ ಹೊಕ್ಕ ಸಾಲ್ಮೊನೆಲ್ಲಾ: ಉರಿಯೂತ ಹೊತ್ತಿಸುವುದು ಯಾರು, ಆರಿಸುವುದು ಯಾರು?

ಬದಿಯಡ್ಕ_ಮಾಷ್ಟ್ರು · ಬೆಳಿಗ್ಗೆ 7:12

ಎಲ್ಲರಿಗೂ ನಮಸ್ಕಾರ. ವಾಚನಾಲಯದ ಗೋಡೆಗೆ ಒಂದು ಭಿತ್ತಿಪತ್ರ ಬರೆಯಲಿಕ್ಕುಂಟು, ಆಹಾರದಿಂದ ಬರುವ ಸೋಂಕಿನ ಬಗ್ಗೆ. ಒಂದು ಬದಿ ಕನ್ನಡ, ಒಂದು ಬದಿ ಮಲಯಾಳ. 2022ರ ಮೇ ತಿಂಗಳಲ್ಲಿ ಚೆರುವತ್ತೂರಿನಲ್ಲಿ ಶವರ್ಮಾ ತಿಂದು ವಿದ್ಯಾರ್ಥಿನಿ ತೀರಿಕೊಂಡ ದುರಂತ ಆದ ಮೇಲೆ ಶಿಗೆಲ್ಲಾ, ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾಗಳ ಹೆಸರು ನಮ್ಮ ಕಾಸರಗೋಡು ಜಿಲ್ಲೆಯಲ್ಲಿ ಹೈಸ್ಕೂಲು ಮಕ್ಕಳ ಬಾಯಲ್ಲೂ ಉಂಟು. ಆದರೆ ಕೈ ತೊಳೆಯಿರಿ, ನೀರು ಕುದಿಸಿ ಎಂಬಲ್ಲಿಗೆ ಎಲ್ಲ ಭಿತ್ತಿಪತ್ರವೂ ನಿಲ್ಲುತ್ತದೆ. ಹೊಟ್ಟೆಯೊಳಗೆ ಎಂತ ಆಗುತ್ತದೆ ಎಂದು ಯಾರೂ ಬರೆಯುವುದಿಲ್ಲ.

ನನ್ನ ಕರಡಿನ ಎರಡು ವಾಕ್ಯ ಹೀಗುಂಟು: “ರೋಗಾಣು ಕರುಳಿನ ಒಳಪದರಕ್ಕೆ ನುಗ್ಗಿದಾಗ ಬಿಳಿರಕ್ತಕಣಗಳು ಅಲ್ಲಿಗೆ ಧಾವಿಸಿ ಉರಿಯೂತ ಉಂಟಾಗುತ್ತದೆ. ರೋಗಾಣು ಸತ್ತ ಮೇಲೆ ಉರಿಯೂತ ತಾನಾಗಿಯೇ ಇಳಿಯುತ್ತದೆ.” ಎರಡನೆಯದು ಸರಿಯಾ? ತಪ್ಪಿದ್ದರೆ ನೇರವಾಗಿ ಹೇಳಿ.

ಮಂಜೇಶ್ವರ_ಇಮ್ಯುನಾಲಜಿ · 7:50

ಮಾಷ್ಟ್ರೆ, ಎರಡನೇ ವಾಕ್ಯ ತಪ್ಪು. ಉರಿಯೂತ ತಾನಾಗಿ ಇಳಿಯುವುದಿಲ್ಲ, ದೇಹ ಅದನ್ನು ಇಳಿಸುತ್ತದೆ. ಕಟ್ಟಿಗೆ ಮುಗಿದು ಬೆಂಕಿ ನಂದಿದ ಹಾಗಲ್ಲ. ನಂದಿಸುವುದಕ್ಕೆ ಬೇರೆಯೇ ಜೀನುಗಳು, ಬೇರೆಯೇ ಕಣಗಳು, ಬೇರೆಯೇ ರಾಸಾಯನಿಕಗಳು ಇವೆ.

ಮೊದಲು ಹೊತ್ತುವ ಕ್ರಮ ನೋಡಿ. ಸಾಲ್ಮೊನೆಲ್ಲಾ ಸಣ್ಣಕರುಳಿನ ಕೊನೆಯ ಭಾಗದಲ್ಲಿ ಎಮ್ ಕೋಶಗಳ (ಪೊಳ್ಳಿನಲ್ಲಿ ಸಿಕ್ಕಿದ್ದನ್ನು ಹೆಕ್ಕಿ ಒಳಗೆ ದಾಟಿಸುವ ಕೋಶಗಳು) ಮೂಲಕ, ಇಲ್ಲವೇ ಸಾಮಾನ್ಯ ಒಳಪದರದ ಕೋಶಗಳಿಗೆ ಸೂಜಿಯಂಥ ರಚನೆಯಿಂದ ತನ್ನ ಪ್ರೋಟೀನುಗಳನ್ನು ಚುಚ್ಚಿ ಒಳಗೆ ಹೋಗುತ್ತದೆ. ಅದರ ಬಾಲದ ಪ್ರೋಟೀನು ಫ್ಲಾಜೆಲಿನ್. ಅದನ್ನು ಗುರುತಿಸುವ ಗ್ರಾಹಕ ಟಿಎಲ್‌ಆರ್-5 ಮುಖ್ಯವಾಗಿ ಕೋಶದ ತಳಬದಿಯಲ್ಲಿ ಇರುತ್ತದೆ, ಕರುಳಿನ ಪೊಳ್ಳಿನ ಕಡೆಗಲ್ಲ. ಪೊಳ್ಳಿನಲ್ಲಿ ಯಾವಾಗಲೂ ಕೋಟಿಗಟ್ಟಲೆ ಬ್ಯಾಕ್ಟೀರಿಯಾ ಇರುವಾಗ ಅಲ್ಲಿ ಕಾವಲು ಇಟ್ಟರೆ ದಿನವಿಡೀ ಗಂಟೆ ಬಾರಿಸುತ್ತಾ ಇರಬೇಕು. ಗೋಡೆ ದಾಟಿ ಬಂದವನಿಗೆ ಮಾತ್ರ ಗಂಟೆ. ಅಂದರೆ ನಿಯಂತ್ರಣ ಶುರುವಾಗುವುದು ಸೋಂಕಿನ ಕೊನೆಯಲ್ಲಲ್ಲ, ಕಾವಲುಗಾರನನ್ನು ಎಲ್ಲಿ ನಿಲ್ಲಿಸಬೇಕು ಎಂಬಲ್ಲೇ.

ಕೋಶದ ಒಳಗೆ ಇನ್ನೊಂದು ಕಾವಲು: ಎನ್‌ಎಲ್‌ಆರ್‌ಸಿ-4 ಇನ್‌ಫ್ಲಮಸೋಮ್ ಎಂಬ ಪ್ರೋಟೀನುಗಳ ಕೂಟ. ಸೂಜಿಯ ಪ್ರೋಟೀನು ಅಥವಾ ಫ್ಲಾಜೆಲಿನ್ ಕೋಶರಸಕ್ಕೆ ಬಿದ್ದರೆ ಅದು ಕ್ಯಾಸ್ಪೇಸ್-1 ಎಂಬ ಕತ್ತರಿಯನ್ನು ಎಬ್ಬಿಸುತ್ತದೆ. ಆ ಕತ್ತರಿ ಐಎಲ್-1 ಬೀಟಾ, ಐಎಲ್-18 ಎರಡನ್ನೂ (ಐಎಲ್ ಎಂದರೆ ಇಂಟರ್‌ಲ್ಯೂಕಿನ್, ಕೋಶಗಳ ನಡುವೆ ಸಂದೇಶ ಒಯ್ಯುವ ಪ್ರೋಟೀನು) ಹದಕ್ಕೆ ತರುತ್ತದೆ, ಗ್ಯಾಸ್ಡರ್ಮಿನ್-ಡಿಯನ್ನು ಕತ್ತರಿಸಿ ಕೋಶದ ಪೊರೆಯಲ್ಲಿ ತೂತು ಮಾಡುತ್ತದೆ. ಸೋಂಕಿದ ಕೋಶ ಕರುಳಿನ ಪೊಳ್ಳಿಗೆ ಉದುರಿ ಹೋಗುತ್ತದೆ. ಐಎಲ್-8ರ ಕರೆಗೆ ನ್ಯೂಟ್ರೋಫಿಲ್ ಎಂಬ ಬಿಳಿರಕ್ತಕಣಗಳು ರಕ್ತನಾಳದಿಂದ ಹೊರಬಂದು ಆ ಜಾಗ ತುಂಬುತ್ತವೆ. ಇಲ್ಲಿಯವರೆಗೆ ನಿಮ್ಮ ಮೊದಲನೇ ವಾಕ್ಯ ಸರಿ.

ಅಡೂರು_ಓದುಗ · 8:05

ಇಳಿಸುವುದು ಯಾರು, ಅದು ಹೇಳಲಿಲ್ಲ ಅಲ್ವಾ ಅಕ್ಕ?

ಮಂಜೇಶ್ವರ_ಇಮ್ಯುನಾಲಜಿ · 8:31

ಹೇಳ್ತೇನೆ. ಬ್ರೇಕು ಒಂದೇ ಅಲ್ಲ, ನಾಲ್ಕೈದು ಹಂತದಲ್ಲಿ ಉಂಟು.

ಕೋಶದೊಳಗಿನದ್ದು ಎಲ್ಲಕ್ಕಿಂತ ಚುರುಕು. ಎನ್‌ಎಫ್-ಕಪ್ಪ-ಬಿ ಎಂಬ ಸ್ವಿಚ್ಚನ್ನು ಸಾಮಾನ್ಯವಾಗಿ ಐಕಪ್ಪಬಿ ಎಂಬ ಪ್ರೋಟೀನು ಕಟ್ಟಿ ಹಾಕಿರುತ್ತದೆ. ಗಂಟೆ ಬಾರಿಸಿದ ಕೆಲವೇ ನಿಮಿಷಗಳಲ್ಲಿ ಐಕಪ್ಪಬಿ ನಾಶವಾಗಿ ಸ್ವಿಚ್ಚು ಕೋಶಕೇಂದ್ರಕ್ಕೆ ಹೋಗಿ ಉರಿಯೂತದ ಜೀನುಗಳನ್ನು ಚಾಲೂ ಮಾಡುತ್ತದೆ. ಆ ಜೀನುಗಳ ಪೈಕಿ ಐಕಪ್ಪಬಿಯ ಜೀನೂ ಒಂದು! ಹೊಸದಾಗಿ ತಯಾರಾದ ಐಕಪ್ಪಬಿ ಸ್ವಿಚ್ಚನ್ನು ಹಿಡಿದು ಹೊರಗೆ ಎಳೆದುಕೊಂಡು ಬರುತ್ತದೆ. ಚಾಲೂ ಮಾಡುವ ಕೈಯೇ ಆರಿಸುವವನಿಗೂ ಕರೆ ಕಳುಹಿಸುತ್ತದೆ. ಎ-20 ಎಂಬ ಪ್ರೋಟೀನೂ ಹೀಗೆಯೇ ಹುಟ್ಟಿ ಮೇಲಿನಿಂದ ಬರುವ ಸಂಕೇತವನ್ನು ಕಡಿದು ಹಾಕುತ್ತದೆ. ಎ-20 ಇಲ್ಲದ ಇಲಿಮರಿಗಳು ಹುಟ್ಟಿದ ಸ್ವಲ್ಪ ಸಮಯದಲ್ಲೇ ಹಲವು ಅಂಗಗಳ ಉರಿಯೂತದಿಂದ ಸಾಯುತ್ತವೆ.

ಎರಡನೆಯದು ಐಎಲ್-10. ಉರಿಯೂತ ತಗ್ಗಿಸುವ ನಿಯಂತ್ರಕ ಟಿ ಕೋಶಗಳೂ, ರೋಗಾಣು ಮತ್ತು ಸತ್ತ ಕೋಶ ನುಂಗುವ ಮ್ಯಾಕ್ರೋಫೇಜ್‌ಗಳೂ ಇದನ್ನು ಸುರಿಸುತ್ತವೆ. ಮ್ಯಾಕ್ರೋಫೇಜ್‌ಗೆ ಇದು ಕೊಡುವ ಆದೇಶ ಒಂದೇ: ಟಿಎನ್‌ಎಫ್, ಐಎಲ್-12 ಎಂಬ ಉರಿಯೂತದ ಸಂದೇಶಗಳನ್ನು ಮಾಡುವುದನ್ನು ನಿಲ್ಲಿಸು. ಐಎಲ್-10ರ ಗ್ರಾಹಕದಲ್ಲಿ ದೋಷ ಇರುವ ಶಿಶುಗಳಿಗೆ ಹುಟ್ಟಿದ ಕೆಲವೇ ತಿಂಗಳಲ್ಲಿ ಕರುಳಿನ ತೀವ್ರ ಉರಿಯೂತ ಬರುತ್ತದೆ ಎಂದು 2009ರಲ್ಲಿ ಗೊತ್ತಾಯಿತು. ಅಲ್ಲಿ ರೋಗಾಣು ಬೇಕೆಂದೇ ಇಲ್ಲ, ದಿನನಿತ್ಯದ ಕರುಳಿನ ಬ್ಯಾಕ್ಟೀರಿಯಾ ಸಾಕು. ಆ ಮಕ್ಕಳಿಗೆ ಅಸ್ಥಿಮಜ್ಜೆ ಕಸಿಯೇ ಚಿಕಿತ್ಸೆ. ಆರಿಸುವುದು ಪ್ರತ್ಯೇಕ ಕೆಲಸ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಮೂರನೆಯದು ಗುಡಿಸುವ ಕೆಲಸ. ನ್ಯೂಟ್ರೋಫಿಲ್‌ನ ಆಯುಸ್ಸು ತೀರಾ ಕಡಿಮೆ. ಅದು ಅಚ್ಚುಕಟ್ಟಾಗಿ ಸತ್ತರೆ ಮ್ಯಾಕ್ರೋಫೇಜ್ ನುಂಗುತ್ತದೆ, ನುಂಗಿದ ಮ್ಯಾಕ್ರೋಫೇಜ್ ಟಿಜಿಎಫ್-ಬೀಟಾ ಮತ್ತು ಐಎಲ್-10 ಎಂಬ ಶಮನದ ಸಂದೇಶಗಳನ್ನು ಬಿಡುತ್ತದೆ. ನುಂಗುವವರಿಲ್ಲದೆ ಒಡೆದು ಹೋದರೆ ಅದರ ಕಿಣ್ವಗಳೆಲ್ಲ ಕರುಳಿನ ಗೋಡೆಯ ಮೇಲೆ ಚೆಲ್ಲುತ್ತವೆ.

ಇದರ ಮೇಲೆ ಇಡೀ ದೇಹದ ಬ್ರೇಕು ಒಂದುಂಟು. ಐಎಲ್-1, ಐಎಲ್-6 ಮೆದುಳಿಗೆ ಮುಟ್ಟಿದಾಗ ಅಡ್ರಿನಲ್ ಗ್ರಂಥಿ ಕಾರ್ಟಿಸೋಲ್ ಬಿಡುತ್ತದೆ. ಅದು ನಮ್ಮದೇ ಸ್ಟೀರಾಯ್ಡ್.

ಬದಿಯಡ್ಕ_ಮಾಷ್ಟ್ರು · 8:44

ವಾಕ್ಯ ಬದಲಾಯಿಸ್ತೇನೆ. “ರೋಗಾಣು ಕಡಿಮೆಯಾದಂತೆ ದೇಹವೇ ಉರಿಯೂತವನ್ನು ಇಳಿಸುತ್ತದೆ.” ಆಗಬಹುದಾ?

ಕುಂಬಳೆ_ಲ್ಯಾಬ್ · 9:10

ಆಗಬಹುದು, ಆದರೆ ಇನ್ನೊಂದು ವಿಷಯ ಸೇರಿಸದಿದ್ದರೆ ಕತೆ ಅರ್ಧವೇ. ಸಾಲ್ಮೊನೆಲ್ಲಾಕ್ಕೆ ಉರಿಯೂತ ಬೇಕು. ಅದು ನಮ್ಮ ಬೆಂಕಿಯಲ್ಲಿ ಚಳಿ ಕಾಯಿಸಿಕೊಳ್ಳುತ್ತದೆ.

ಲ್ಯಾಬಿನಲ್ಲಿ ಮಲದ ಸ್ಯಾಂಪಲ್‌ನಿಂದ ಸಾಲ್ಮೊನೆಲ್ಲಾ ಹೆಕ್ಕುವುದಕ್ಕೆ ಟೆಟ್ರಾಥಯೋನೇಟ್ ಬ್ರಾತ್ (ಬ್ಯಾಕ್ಟೀರಿಯಾ ಬೆಳೆಸುವ ದ್ರವ) ಬಳಸುತ್ತೇವೆ. ಬೇಸ್‌ನಲ್ಲಿ ಪಿತ್ತಲವಣ, ಕ್ಯಾಲ್ಸಿಯಂ ಕಾರ್ಬೊನೇಟ್, ಸೋಡಿಯಂ ಥಯೋಸಲ್ಫೇಟ್ ಇರುತ್ತದೆ. ಅದನ್ನು ಕುದಿಯುವ ಮಟ್ಟಕ್ಕೆ ಬಿಸಿ ಮಾಡಿ 45 ಡಿಗ್ರಿಗಿಂತ ಕೆಳಗೆ ತಣಿಸಬೇಕು. 20 ಮಿಲಿಲೀಟರ್ ನೀರಲ್ಲಿ 5 ಗ್ರಾಂ ಪೊಟ್ಯಾಸಿಯಂ ಅಯೋಡೈಡ್, 6 ಗ್ರಾಂ ಅಯೋಡಿನ್ ಕರಗಿಸಿದ ದ್ರಾವಣವನ್ನು, ಬಳಸುವ ದಿನವೇ, ಲೀಟರಿಗೆ 20 ಮಿಲಿಲೀಟರಿನ ಲೆಕ್ಕದಲ್ಲಿ ಸೇರಿಸಬೇಕು. ಅಯೋಡಿನ್ ಸೇರಿದ ಮೇಲೆ ಮತ್ತೆ ಬಿಸಿ ಮಾಡಿದರೆ ಕೆಟ್ಟಿತು. ಇನ್ನೊಂದು ತಪ್ಪು, ಟ್ಯೂಬಿಗೆ ತುಂಬುವಾಗ ಅಲ್ಲಾಡಿಸದೆ ಇರುವುದು. ಕಾರ್ಬೊನೇಟ್ ಕರಗುವುದಿಲ್ಲ, ಬಿಳಿ ಪುಡಿಯಾಗಿ ತಳದಲ್ಲೇ ಉಳಿಯುತ್ತದೆ. ಮೊದಲ ಟ್ಯೂಬಿಗೆ ನೀರು, ಕೊನೆಯದಕ್ಕೆ ಸುಣ್ಣ ಎಂಬಂತಾಗುತ್ತದೆ.

ಅಯೋಡಿನ್ ಥಯೋಸಲ್ಫೇಟನ್ನು ಟೆಟ್ರಾಥಯೋನೇಟ್ ಮಾಡುತ್ತದೆ. ಅದನ್ನು ಆಮ್ಲಜನಕದ ಬದಲಿಗೆ ಬಳಸಿ ಸಾಲ್ಮೊನೆಲ್ಲಾ ಉಸಿರಾಡುತ್ತದೆ, ಉಳಿದ ಹೆಚ್ಚಿನ ಬ್ಯಾಕ್ಟೀರಿಯಾ ಹಿಂದೆ ಬೀಳುತ್ತವೆ. 18ರಿಂದ 24 ಗಂಟೆ ಬಿಟ್ಟು ಎಕ್ಸ್‌ಎಲ್‌ಡಿ ಪ್ಲೇಟಿಗೆ (ಬ್ಯಾಕ್ಟೀರಿಯಾ ಗುರುತಿಸುವ ಗಟ್ಟಿ ಮಾಧ್ಯಮ) ಎಳೆದರೆ ಕೆಂಪು ಕಾಲೊನಿ, ನಡುವೆ ಕಪ್ಪು ಬೊಟ್ಟು.

ಈಗ ಕರುಳಿಗೆ ಬನ್ನಿ. ಕರುಳಿನ ಬ್ಯಾಕ್ಟೀರಿಯಾ ಬಿಡುವ ಹೈಡ್ರೋಜನ್ ಸಲ್ಫೈಡನ್ನು ಒಳಪದರದ ಕೋಶಗಳು ಥಯೋಸಲ್ಫೇಟ್ ಮಾಡುತ್ತವೆ. ನ್ಯೂಟ್ರೋಫಿಲ್‌ಗಳು ಬಂದು ಆಮ್ಲಜನಕದ ಉಗ್ರ ರೂಪಗಳನ್ನು ಎರಚಿದಾಗ ಆ ಥಯೋಸಲ್ಫೇಟ್ ಟೆಟ್ರಾಥಯೋನೇಟ್ ಆಗುತ್ತದೆ. ನಮ್ಮ ಬಾಟ್ಲಿಯಲ್ಲಿ ಅಯೋಡಿನ್ ಮಾಡುವ ಕೆಲಸವನ್ನು ಅಲ್ಲಿ ನಮ್ಮ ಸೈನಿಕರೇ ಮಾಡುತ್ತಾರೆ. 2010ರಲ್ಲಿ ಇದು ಇಲಿಗಳಲ್ಲಿ ಸಾಬೀತಾಯಿತು. ಬ್ರಾತ್ ಮಾತ್ರ 1920ರ ದಶಕದಿಂದಲೇ ಬಳಕೆಯಲ್ಲಿ ಉಂಟು.

ಅಡೂರು_ಓದುಗ · 9:18

ಹಾಗಾದರೆ ಮೊದಲ ದಿನವೇ ಸ್ಟೀರಾಯ್ಡ್ ಕೊಟ್ಟು ಉರಿಯೂತ ಅಡಗಿಸಿದರೆ ಸಾಲ್ಮೊನೆಲ್ಲಾ ಉಪವಾಸ ಬೀಳಬೇಕಲ್ಲ? ಎಂತಕ್ಕೆ ಕೊಡುವುದಿಲ್ಲ?

ನೀರ್ಚಾಲು_ಡಾಕ್ಟ್ರು · 9:40

ಬೇಡ, ಈ ತರ್ಕ ಅಪಾಯ. ಕರುಳಿನ ಪೊಳ್ಳಿನಲ್ಲಿ ಅದಕ್ಕೆ ಉರಿಯೂತ ಲಾಭ, ಆದರೆ ಗೋಡೆಯ ಈಚೆ ಅದೇ ಉರಿಯೂತ ಬೇಲಿ. ಬೇಲಿ ಕಿತ್ತರೆ ರಕ್ತಕ್ಕೆ ದಾರಿ. ಐಎಲ್-12 ಅಥವಾ ಇಂಟರ್‌ಫೆರಾನ್-ಗಾಮಾ ಎಂಬ ಸಂದೇಶದ ದಾರಿಯಲ್ಲಿ ಹುಟ್ಟುದೋಷ ಇರುವವರಿಗೆ ಸಾಲ್ಮೊನೆಲ್ಲಾ ರಕ್ತಕ್ಕೆ ಹೋಗಿ ಮತ್ತೆ ಮತ್ತೆ ಕಾಡುತ್ತದೆ. ಸಂಧಿವಾತಕ್ಕೆ ಟಿಎನ್‌ಎಫ್ ತಡೆಯುವ ಇಂಜೆಕ್ಷನ್ ತೆಗೆದುಕೊಳ್ಳುವವರಿಗೆ ಹಸಿ ಹಾಲು, ಅರೆಬೆಂದ ಮೊಟ್ಟೆ ಬೇಡ ಎನ್ನುವುದು ಇದಕ್ಕೇ. ಅವರಲ್ಲಿ ಲಿಸ್ಟೀರಿಯಾ, ಸಾಲ್ಮೊನೆಲ್ಲಾ ಎರಡೂ ಮಿತಿ ಮೀರುತ್ತವೆ.

ಹೊರಗಿನಿಂದ ಕೊಟ್ಟ ಸ್ಟೀರಾಯ್ಡ್‌ಗೂ ದೇಹದ ಕಾರ್ಟಿಸೋಲ್‌ಗೂ ಒಂದು ವ್ಯತ್ಯಾಸ: ದೇಹದ್ದು ಉರಿಯೂತದ ಪ್ರಮಾಣ ನೋಡಿ ಏರುತ್ತದೆ, ಇಳಿಯುತ್ತದೆ. ಮಾತ್ರೆಗೆ ಆ ಲೆಕ್ಕ ಇಲ್ಲ.

ಕುಂಬಳೆ_ಲ್ಯಾಬ್ · 9:52

ಡಾಕ್ಟ್ರೆ, ಟೈಫಾಯ್ಡ್‌ಗೆ ಡೆಕ್ಸಾಮೆಥಾಸೋನ್ ಕೊಟ್ಟದ್ದುಂಟಲ್ಲ? 1984ರ ಇಂಡೋನೇಷ್ಯಾದ ಅಧ್ಯಯನ.

ನೀರ್ಚಾಲು_ಡಾಕ್ಟ್ರು · 10:15

ಉಂಟು, ನೀವು ಹೇಳಿದ್ದು ಒಳ್ಳೆಯದಾಯಿತು. ಪ್ರಜ್ಞೆ ತಪ್ಪುತ್ತಿದ್ದ, ಶಾಕ್‌ಗೆ ಹೋದ ಟೈಫಾಯ್ಡ್ ರೋಗಿಗಳಿಗೆ ಮಾತ್ರ, ಆಂಟಿಬಯೋಟಿಕ್ ಜೊತೆಗೆ, ಎರಡು ದಿನದ ಮಟ್ಟಿಗೆ. ಅಲ್ಲಿ ಸಾವಿನ ಪ್ರಮಾಣ ಶೇಕಡಾ 56ರ ಹತ್ತಿರದಿಂದ 10ಕ್ಕೆ ಇಳಿಯಿತು. ಅದು ಬೇರೆ ರೋಗ, ಬೇರೆ ಹಂತ. ಸಾಮಾನ್ಯ ಬೇಧಿಗೆ ಅದನ್ನು ಎಳೆದು ತರುವ ಹಾಗಿಲ್ಲ.

ಟೈಫಾಯ್ಡ್ ಬೇರೆ ಯಾಕೆ ಎಂಬುದೂ ಇದೇ ಚರ್ಚೆಗೆ ಸೇರಿದ್ದು. ಟೈಫಾಯ್ಡ್ ತರುವ ಸಾಲ್ಮೊನೆಲ್ಲಾದ ಟೈಫಿ ತಳಿಗೆ ವಿಐ ಎಂಬ ಸಕ್ಕರೆಯ ಹೊದಿಕೆ ಉಂಟು, ಅದು ಹೊರಪೊರೆಯನ್ನು ಟಿಎಲ್‌ಆರ್-4ರ ಕಣ್ಣಿನಿಂದ ಮರೆಮಾಡುತ್ತದೆ. ಕರುಳಿನ ಗೋಡೆ ದಾಟುವಾಗ ಫ್ಲಾಜೆಲಿನ್ ತಯಾರಿಯನ್ನೂ ಅದು ತಗ್ಗಿಸುತ್ತದೆ. ಗಂಟೆಯೇ ಬಾರಿಸುವುದಿಲ್ಲ, ನ್ಯೂಟ್ರೋಫಿಲ್ ಬರುವುದಿಲ್ಲ, ಜೋರು ಬೇಧಿಯೂ ಇಲ್ಲ. ಸದ್ದಿಲ್ಲದೆ ಪಿತ್ತಜನಕಾಂಗ, ಗುಲ್ಮ, ಅಸ್ಥಿಮಜ್ಜೆಗೆ ಹೋಗಿ ಒಂದೆರಡು ವಾರ ಕಳೆದು ಜ್ವರವಾಗಿ ಏಳುತ್ತದೆ. ಕೋಳಿ, ಮೊಟ್ಟೆಯಿಂದ ಬರುವ ಟೈಫಿಮ್ಯೂರಿಯಂ ತಳಿ 6ರಿಂದ 72 ಗಂಟೆಯೊಳಗೆ ರಂಪ ಎಬ್ಬಿಸುತ್ತದೆ. ಹೆಚ್ಚಿನವರಲ್ಲಿ ಆ ರಂಪವೇ ಅದನ್ನು ಕರುಳಿನಲ್ಲೇ ತಡೆದು ನಿಲ್ಲಿಸುತ್ತದೆ.

ಮುಳ್ಳೇರಿಯ_ನರ್ಸ್ · 10:22

ಇದನ್ನು ಭಿತ್ತಿಪತ್ರದಲ್ಲಿ ದಪ್ಪ ಅಕ್ಷರದಲ್ಲಿ ಹಾಕಿ ಮಾಷ್ಟ್ರೆ. ಬೇಧಿ ಇಲ್ಲ ಎಂದು ಟೈಫಾಯ್ಡ್ ಅಲ್ಲ ಎಂದುಕೊಳ್ಳುವವರು ಜಾಸ್ತಿ.

ಪೈವಳಿಕೆ_ಅಡುಗೆ · 10:47

ನಡುವೆ ಬಾಯಿ ಹಾಕ್ತೇನೆ. ಊಟದ ನಂತರ ವಾಂತಿ ಆದದ್ದೆಲ್ಲ ಉರಿಯೂತ ಅಲ್ಲ, ಮಾಷ್ಟ್ರು ಎಲ್ಲವನ್ನೂ ಒಂದೇ ಪಾತ್ರೆಗೆ ಹಾಕಬಾರದು. ಅನ್ನ ಮಾಡಿ ಹೊರಗೆ ಇಟ್ಟರೆ ಬ್ಯಾಸಿಲಸ್ ಸೀರಿಯಸ್ ಬೆಳೆದು ವಿಷ ಬಿಡುತ್ತದೆ. ತಿಂದ ಅರ್ಧ ಗಂಟೆಯಿಂದ 6 ಗಂಟೆಯೊಳಗೆ ವಾಂತಿ. ಮತ್ತೆ ಕುದಿಸಿದರೂ ಆ ವಿಷ ಹೋಗುವುದಿಲ್ಲ. ಬೆರಳಿನ ಗಾಯದಿಂದ ಪಾಯಸಕ್ಕೆ, ಸಿಹಿತಿಂಡಿಗೆ ಬೀಳುವ ಸ್ಟಫೈಲೋಕಾಕಸ್‌ನದ್ದೂ ಹಾಗೆಯೇ, 1ರಿಂದ 6 ಗಂಟೆ. ದೊಡ್ಡ ಚರಿಗೆಯಲ್ಲಿ ಸಾಂಬಾರು, ಮಾಂಸದ ಪದಾರ್ಥ ಮಾಡಿ ರಾತ್ರಿಯಿಡೀ ಮುಚ್ಚಿಟ್ಟರೆ ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್. ಇದಕ್ಕೆ 6ರಿಂದ 24 ಗಂಟೆ, ಹೊಟ್ಟೆಮುರಿತ ಮತ್ತು ಬೇಧಿ, ಜ್ವರ ಸಾಮಾನ್ಯವಾಗಿ ಇಲ್ಲ.

ಕೆಲಸದ ಮಾತು: ಬಡಿಸುವವರೆಗೆ 60 ಡಿಗ್ರಿಗಿಂತ ಮೇಲೆ ಇಡಿ. ಉಳಿಸುವುದಾದರೆ ಚರಿಗೆಯಲ್ಲೇ ತಣಿಯಲು ಬಿಡಬೇಡಿ, ನಡುವಿನ ಬಿಸಿ ಗಂಟೆಗಟ್ಟಲೆ ಇಳಿಯುವುದಿಲ್ಲ. ಅಗಲ ತಟ್ಟೆಗೆ ಎರಡು ಮೂರು ಇಂಚು ಆಳಕ್ಕೆ ಹರಡಿ, ಎರಡು ಗಂಟೆಯೊಳಗೆ ಕೈಗೆ ಬಿಸಿ ತಾಗದ ಹದಕ್ಕೆ ತಂದು ಫ್ರಿಜ್ಜಿಗೆ ಹಾಕಿ. ಶವರ್ಮಾದಲ್ಲಿ ತಪ್ಪು ಆಗುವುದು ಗ್ರಾಹಕರ ಸಾಲು ಉದ್ದವಾದಾಗ. ಹೊರಪದರ ಬೆಂದಿರುತ್ತದೆ, ಕತ್ತಿ ಒಳಗೆ ಇಳಿದಾಗ ಗುಲಾಬಿ ಮಾಂಸ ಬರುತ್ತದೆ. ಹೆರೆದ ಚೂರುಗಳನ್ನು ತವಾದ ಮೇಲೆ ಮತ್ತೊಮ್ಮೆ ಕಾಯಿಸಿ 75 ಡಿಗ್ರಿ ಮುಟ್ಟಿಸಬೇಕು. ಹಸಿಮೊಟ್ಟೆಯ ಮಯೊನೈಸ್ ಅಂತೂ ಕೇರಳದಲ್ಲಿ 2023ರ ಜನವರಿಯಲ್ಲೇ ನಿಷೇಧಿಸಿದ್ದರು.

ಮಂಜೇಶ್ವರ_ಇಮ್ಯುನಾಲಜಿ · 11:05

ಅಣ್ಣ ಹೇಳಿದ್ದು ಸರಿ, ನಾನು ಹೇಳಿದ್ದೆಲ್ಲ ಒಳಪದರಕ್ಕೆ ನುಗ್ಗುವ ಜಾತಿಗೆ: ಸಾಲ್ಮೊನೆಲ್ಲಾ, ಶಿಗೆಲ್ಲಾ, ಕ್ಯಾಂಪೈಲೋಬ್ಯಾಕ್ಟರ್, ಯರ್ಸಿನಿಯಾ. ಕಾಲರಾ ಕೂಡ ಹೊರಗೆ. ಅದರಲ್ಲಿ ಕರುಳಿನ ಗೋಡೆ ಹೆಚ್ಚುಕಡಿಮೆ ಹಾಗೇ ಇರುತ್ತದೆ, ವಿಷವು ಕೋಶದ ನಲ್ಲಿಯನ್ನು ತೆರೆದಿಟ್ಟು ಹೋಗುತ್ತದೆ ಅಷ್ಟೆ.

ಶಿಗೆಲ್ಲಾದ ಬಗ್ಗೆ ಒಂದು ಮಾತು. 10ರಿಂದ 100 ಬ್ಯಾಕ್ಟೀರಿಯಾ ಸಾಕು ರೋಗ ಬರಲಿಕ್ಕೆ. ಮೊದಲು ನುಗ್ಗುವುದು ಕೆಲವೇ. ಅವುಗಳನ್ನು ಹಿಡಿಯಲು ನ್ಯೂಟ್ರೋಫಿಲ್‌ಗಳು ಕೋಶಗಳ ನಡುವಿನ ಸಂದಿಯನ್ನು ಸರಿಸಿ ಪೊಳ್ಳಿನ ಕಡೆ ಹೋಗುತ್ತವೆ, ಆ ಸಂದಿಯಿಂದಲೇ ಉಳಿದ ಶಿಗೆಲ್ಲಾ ಒಳಬರುತ್ತದೆ. ಮೊದಲು ನಷ್ಟ, ನಂತರ ಅದೇ ನ್ಯೂಟ್ರೋಫಿಲ್‌ಗಳಿಂದ ಲಾಭ. ರಕ್ತ, ಲೋಳೆ ಬರುವುದು ಈ ಕಾದಾಟದ ಜಾಗದಿಂದ.

ಅಡೂರು_ಓದುಗ · 11:12

“ಉರಿಯೂತ” ಎಂಬ ಶಬ್ದವೇ ಜನರಿಗೆ ಅರ್ಥ ಆಗುವುದಿಲ್ಲ. ಉರಿ, ಊತ ಎರಡೂ ಕಾಲಿನ ಗಾಯಕ್ಕೆ ಸರಿ, ಕರುಳಿಗೆ? “ಬಾವು” ಎಂದು ಬರೆಯಿರಿ.

ಬದಿಯಡ್ಕ_ಮಾಷ್ಟ್ರು · 11:20

ಬಾವು ಎಂದರೆ ನಮ್ಮ ಕಡೆ ಕೀವು ತುಂಬಿದ್ದು ಎಂದೇ ತಿಳಿಯುತ್ತಾರೆ. ಮಲಯಾಳದ “ವೀಕ್ಕಂ” ಕೂಡ ಬರೀ ಊತ. ಉರಿಯೂತವೇ ಇರಲಿ, ಪಕ್ಕದಲ್ಲಿ “ಕೆಂಪಾಗಿ, ಬಿಸಿಯಾಗಿ, ಊದಿ ನೋಯುವುದು” ಎಂದು ಬಿಡಿಸಿ ಹಾಕ್ತೇನೆ. ಈಗ ಮುಖ್ಯ ಪ್ರಶ್ನೆ: ಮನೆಯಲ್ಲಿ ಎಂತ ಮಾಡಬೇಕು? ಬೇಧಿ ನಿಲ್ಲಿಸುವ ಮಾತ್ರೆ ಬರೆಯಬಹುದಾ?

ಉಪ್ಪಳ_ಫಾರ್ಮಸಿಸ್ಟ್ · 11:38

ಲೋಪರಮೈಡ್ ಜ್ವರ ಇದ್ದರೆ, ರಕ್ತ ಬಿದ್ದರೆ ಬೇಡವೇ ಬೇಡ, ಸಣ್ಣ ಮಕ್ಕಳಿಗಂತೂ ಇಲ್ಲ. ಕರುಳಿನ ಚಲನೆ ನಿಂತರೆ ರೋಗಾಣುವೂ ಉದುರಿದ ಕೋಶಗಳೂ ಅಲ್ಲೇ ಉಳಿಯುತ್ತವೆ. ಶಿಗಾ ವಿಷ ಬಿಡುವ ಇ. ಕೋಲೈ ಆಗಿದ್ದರೆ ಮೂತ್ರಪಿಂಡಕ್ಕೇ ಅಪಾಯ.

ನೋವಿಗೆ ಐಬುಪ್ರೊಫೆನ್, ಡೈಕ್ಲೋಫೆನಾಕ್ ಕೇಳುತ್ತಾರೆ. ನೀರು ಕಳೆದುಕೊಂಡ ದೇಹದಲ್ಲಿ ಅದು ಮೂತ್ರಪಿಂಡಕ್ಕೆ ಹೊಡೆತ. ಜ್ವರಕ್ಕೆ ಪ್ಯಾರಸಿಟಮಾಲ್ ಸಾಕು, ಮಕ್ಕಳಿಗೆ ತೂಕದ ಕಿಲೋಗೆ 10ರಿಂದ 15 ಮಿಲಿಗ್ರಾಂ, ಎರಡು ಡೋಸಿನ ನಡುವೆ ಕನಿಷ್ಠ 4 ಗಂಟೆ, ದಿನಕ್ಕೆ ನಾಲ್ಕಕ್ಕಿಂತ ಹೆಚ್ಚು ಡೋಸ್ ಬೇಡ.

ಮಂಜೇಶ್ವರ_ಇಮ್ಯುನಾಲಜಿ · 11:49

ಐಬುಪ್ರೊಫೆನ್‌ನಂಥ ಮಾತ್ರೆ ಬೇಡ ಎನ್ನುವುದಕ್ಕೆ ಇನ್ನೊಂದು ಕಾರಣವೂ ಉಂಟು. ಉರಿಯೂತ ಹೆಚ್ಚಿಸುವ ಪ್ರೋಸ್ಟಾಗ್ಲಾಂಡಿನ್ ಇ-2 ಕೆಲವು ಗಂಟೆಗಳ ನಂತರ ನ್ಯೂಟ್ರೋಫಿಲ್‌ಗಳನ್ನು ಲಿಪಾಕ್ಸಿನ್ ತಯಾರಿಕೆಗೆ ತಿರುಗಿಸುತ್ತದೆ. ಲಿಪಾಕ್ಸಿನ್ ಎಂದರೆ “ಇನ್ನು ಸೈನಿಕರು ಬರುವುದು ಸಾಕು, ಗುಡಿಸುವವರು ಬರಲಿ” ಎಂಬ ಸಂದೇಶ. ಆ ಮಾತ್ರೆಗಳಿಂದ ಬೇಗನೇ ಪ್ರೋಸ್ಟಾಗ್ಲಾಂಡಿನನ್ನು ಕಟ್ಟಿ ಹಾಕಿದರೆ ಶಮನವೂ ತಡವಾಗಬಹುದು ಎಂದು ಪ್ರಾಣಿಗಳ ಪ್ರಯೋಗದಲ್ಲಿ ಕಂಡಿದೆ.

ಅಡೂರು_ಓದುಗ · 11:55

ಆಂಟಿಬಯೋಟಿಕ್? ಎಲ್ಲರೂ ಮೊದಲು ಕೇಳುವುದು ಅದನ್ನೇ.

ನೀರ್ಚಾಲು_ಡಾಕ್ಟ್ರು · 12:20

ಆರೋಗ್ಯವಂತರ ಸಾಮಾನ್ಯ ಸಾಲ್ಮೊನೆಲ್ಲಾ ಬೇಧಿಗೆ ಬೇಡ. ದಿನ ಕಡಿಮೆ ಆಗುವುದಿಲ್ಲ, ಮಲದಲ್ಲಿ ಬ್ಯಾಕ್ಟೀರಿಯಾ ಹೋಗುವ ಅವಧಿ ಉದ್ದ ಆಗುತ್ತದೆ. 3 ತಿಂಗಳೊಳಗಿನ ಶಿಶು, ರೋಗನಿರೋಧಕ ಶಕ್ತಿ ಕುಂದಿದವರು, ರಕ್ತನಾಳದ ಕಾಯಿಲೆ ಇರುವ ಹಿರಿಯರು, ಇವರಿಗೆ ಬೇಕು. ರಕ್ತಬೇಧಿಯ ಶಿಗೆಲ್ಲಾಕ್ಕೆ, ಟೈಫಾಯ್ಡ್‌ಗೆ ಬೇಕೇ ಬೇಕು, ಕಲ್ಚರ್ ನೋಡಿ.

ಬೇಡ ಎನ್ನುವುದಕ್ಕೆ ಕಾರಣ ಕರುಳಿನ ಸ್ವಂತ ಬ್ಯಾಕ್ಟೀರಿಯಾ. ಅವು ನಾರು, ಜೀರ್ಣವಾಗದ ಪಿಷ್ಟ ತಿಂದು ಬ್ಯುಟಿರೇಟ್ ಮಾಡುತ್ತವೆ. ದೊಡ್ಡಕರುಳಿನ ಕೋಶ ಅದನ್ನು ಉರಿಸಿ ಬದುಕುತ್ತದೆ, ಉರಿಸುವಾಗ ಆಮ್ಲಜನಕ ಖರ್ಚಾಗಿ ಸಾಲ್ಮೊನೆಲ್ಲಾಕ್ಕೆ ಸಿಗುವುದಿಲ್ಲ. ನಿಯಂತ್ರಕ ಟಿ ಕೋಶಗಳು ಹೆಚ್ಚುವುದೂ ಬ್ಯುಟಿರೇಟ್‌ನಿಂದಲೇ ಎಂದು 2013ರಲ್ಲಿ ಇಲಿಗಳಲ್ಲಿ ಕಂಡುಕೊಂಡರು. ಬ್ರೇಕು ತಯಾರಿಸುವವರನ್ನೇ ಆಂಟಿಬಯೋಟಿಕ್ ಕೊಂದರೆ?

ಮುಳ್ಳೇರಿಯ_ನರ್ಸ್ · 12:34

ಹಾಗಾದರೆ ಕುಚ್ಚಲಕ್ಕಿ ಗಂಜಿ, ಬಾಳೆಕಾಯಿ ಒಳ್ಳೆಯದೇ ಅಲ್ವಾ ಡಾಕ್ಟ್ರೆ? ಬಾಂಗ್ಲಾದೇಶದಲ್ಲಿ ಬೇಧಿ ನಿಲ್ಲದ ಮಕ್ಕಳಿಗೆ ಬೇಯಿಸಿದ ಬಾಳೆಕಾಯಿ ಕೊಟ್ಟು ಗುಣ ಕಂಡದ್ದು 2001ರಲ್ಲಿ ಪ್ರಕಟ ಆಗಿತ್ತು. ಆದರೆ ಬೊಂಡ (ಎಳನೀರು) ಮಾತ್ರ ಓಆರ್‌ಎಸ್‌ಗೆ ಬದಲಿ ಅಲ್ಲ, ಇದನ್ನು ಖಂಡಿತ ಬರೆಯಿರಿ. ಓಆರ್‌ಎಸ್‌ನಲ್ಲಿ ಲೀಟರಿಗೆ ಸೋಡಿಯಂ 75, ಪೊಟ್ಯಾಸಿಯಂ 20 ಮಿಲಿಮೋಲ್. ಬೊಂಡದಲ್ಲಿ ಉಲ್ಟಾ, ಪೊಟ್ಯಾಸಿಯಂ ಹೆಚ್ಚು, ಸೋಡಿಯಂ ಕಡಿಮೆ. ಬೇಧಿಯಲ್ಲಿ ಹೋಗುವುದು ಮುಖ್ಯವಾಗಿ ಸೋಡಿಯಂ.

ಓಆರ್‌ಎಸ್ ಕಲಸುವುದರಲ್ಲೇ ತಪ್ಪು ಆಗುವುದು. 20.5 ಗ್ರಾಂನ ಪ್ಯಾಕೆಟ್ ಇಡಿಯಾಗಿ 1 ಲೀಟರ್ ನೀರಿಗೆ. ಒಂದು ಗ್ಲಾಸಿಗೆ “ಸ್ವಲ್ಪ ಸ್ವಲ್ಪ” ಪುಡಿ ಹಾಕಿದರೆ ಒಂದೊಂದು ಸಲ ಒಂದೊಂದು ಹದ. ಗಟ್ಟಿಯಾದರೆ ಕರುಳಿಗೇ ನೀರು ಎಳೆದು ಬೇಧಿ ಜಾಸ್ತಿ. 24 ಗಂಟೆ ಕಳೆದ ಮೇಲೆ ಚೆಲ್ಲಿ ಹೊಸತು ಮಾಡಿ. ವಾಂತಿ ಆದರೆ 10 ನಿಮಿಷ ಬಿಟ್ಟು ಚಮಚದಲ್ಲಿ ಕೊಡಿ. 6 ತಿಂಗಳು ದಾಟಿದ ಮಕ್ಕಳಿಗೆ ಸತು ದಿನಕ್ಕೆ 20 ಮಿಲಿಗ್ರಾಂ, 10ರಿಂದ 14 ದಿನ. ಬೇಧಿ ನಿಂತಿತೆಂದು ನಡುವೆ ಬಿಡಬಾರದು.

ಪೈವಳಿಕೆ_ಅಡುಗೆ · 12:41

ಹಸಿವೇ ಇಲ್ಲದವರಿಗೆ ಗಂಜಿ ಒತ್ತಾಯ ಮಾಡಬೇಕಾ?

ಮಂಜೇಶ್ವರ_ಇಮ್ಯುನಾಲಜಿ · 12:58

ಒತ್ತಾಯ ಬೇಡ, ಉಪವಾಸ ಇಡುವುದೂ ಬೇಡ. ಹಸಿವು ಹೋಗುವುದು ಐಎಲ್-1 ಬೀಟಾದಿಂದ. ಅದು ಕರುಳಿನಿಂದ ವೇಗಸ್ ನರದ ಮೂಲಕ ಮೆದುಳಿಗೆ ಹೋಗುವ ಸುದ್ದಿ. ಸಾಲ್ಮೊನೆಲ್ಲಾದ ಎಸ್‌ಎಲ್‌ಆರ್‌ಪಿ ಎಂಬ ಪ್ರೋಟೀನು ಈ ಐಎಲ್-1 ಬೀಟಾವನ್ನು ತಗ್ಗಿಸಿ ಇಲಿಗೆ ಹಸಿವು ಉಳಿಸುತ್ತದೆ ಎಂದು 2017ರಲ್ಲಿ ತೋರಿಸಿದರು. ಇಲಿ ತಿಂದುಕೊಂಡು ಬದುಕುತ್ತದೆ, ಬ್ಯಾಕ್ಟೀರಿಯಾ ಮಲದಲ್ಲಿ ಹೆಚ್ಚು ದಿನ ಹರಡುತ್ತದೆ. ಇಬ್ಬರಿಗೂ ಲಾಭ, ಮುಂದಿನವನಿಗೆ ನಷ್ಟ. ಜ್ವರ, ಬೇಧಿ ಇಳಿದ ಮೇಲೂ ವಾರಗಟ್ಟಲೆ ಮಲದಲ್ಲಿ ಸಾಲ್ಮೊನೆಲ್ಲಾ ಇರಬಹುದು, ಆದ್ದರಿಂದ ಬಡಿಸುವವರು, ಅಡುಗೆಯವರು ಸೋಪು ಬಿಡಬಾರದು.

ನೀರ್ಚಾಲು_ಡಾಕ್ಟ್ರು · 1:15

ಎದೆಹಾಲು ಮಾತ್ರ ಯಾವ ಕಾರಣಕ್ಕೂ ನಿಲ್ಲಿಸಬೇಡಿ. ಆಸ್ಪತ್ರೆಗೆ ಓಡಬೇಕಾದ ಗುರುತು: ಮಲದಲ್ಲಿ ರಕ್ತ, 38.5 ಡಿಗ್ರಿಗಿಂತ ಹೆಚ್ಚು ಜ್ವರ, 6 ಗಂಟೆಗೂ ಮೀರಿ ಮೂತ್ರ ಇಲ್ಲ, ಎಬ್ಬಿಸಿದರೂ ಮಂಪರು, ಕುಡಿದದ್ದೆಲ್ಲ ವಾಂತಿ, 6 ತಿಂಗಳೊಳಗಿನ ಮಗು.

ಬ್ರೇಕು ಸರಿಯಾಗಿ ಹಿಡಿಯದಿದ್ದಾಗ ಆಗುವುದನ್ನೂ ಒಂದು ಸಾಲು ಸೇರಿಸಿ. ಬೇಧಿ ನಿಂತು 1ರಿಂದ 4 ವಾರದೊಳಗೆ ಮೊಣಕಾಲು, ಹರಡು ಊದಿಕೊಂಡು ಕಣ್ಣು ಕೆಂಪಾದರೆ ಅದು ಸೋಂಕಿನ ನಂತರದ ಸಂಧಿವಾತ ಇರಬಹುದು, ಎಚ್‌ಎಲ್‌ಎ-ಬಿ27 ಎಂಬ ಜೀನು ಇರುವವರಲ್ಲಿ ಹೆಚ್ಚು. ಕ್ಯಾಂಪೈಲೋಬ್ಯಾಕ್ಟರ್ ಆದ ಮೇಲೆ ಕಾಲಿನಿಂದ ಮೇಲಕ್ಕೆ ಬಲ ಹೋಗುತ್ತಾ ಬಂದರೆ ಅದೇ ದಿನ ಆಸ್ಪತ್ರೆ. ಆ ಬ್ಯಾಕ್ಟೀರಿಯಾದ ಹೊರಪೊರೆ ನಮ್ಮ ನರದ ಪೊರೆಯ ಹಾಗೆ ಕಾಣುವುದರಿಂದ ಪ್ರತಿಕಾಯಗಳು ನರದ ಮೇಲೆ ತಿರುಗುತ್ತವೆ.

ಅಡೂರು_ಓದುಗ · 1:22

ಸಿಆರ್‌ಪಿ (ಉರಿಯೂತದಲ್ಲಿ ರಕ್ತದಲ್ಲಿ ಏರುವ ಪ್ರೋಟೀನು) ಪರೀಕ್ಷೆ ಮಾಡಿಸಿದರೆ ಉರಿಯೂತ ಇಳಿದದ್ದು ಗೊತ್ತಾಗುತ್ತದಾ?

ಕುಂಬಳೆ_ಲ್ಯಾಬ್ · 1:30

ಗೊತ್ತಾಗುತ್ತದೆ, ಆದರೆ ಹೊತ್ತು ನೋಡಿ ಮಾಡಿಸಬೇಕು. ಐಎಲ್-6ರ ಕರೆಗೆ ಪಿತ್ತಜನಕಾಂಗ ಸಿಆರ್‌ಪಿ ಮಾಡುವುದು, ರಕ್ತದಲ್ಲಿ ಏರಲಿಕ್ಕೆ 6ರಿಂದ 8 ಗಂಟೆ, ತುದಿ ಮುಟ್ಟಲಿಕ್ಕೆ ಸುಮಾರು 48 ಗಂಟೆ. ಮೊದಲ ಮೂರು ಗಂಟೆಯಲ್ಲಿ ನಾರ್ಮಲ್ ಬಂದರೆ ಅರ್ಥ ಇಲ್ಲ. ತಯಾರಿ ನಿಂತ ಮೇಲೆ ಸುಮಾರು 19 ಗಂಟೆಗೆ ಅರ್ಧ ಆಗುತ್ತಾ ಇಳಿಯುತ್ತದೆ. ಎರಡನೇ ದಿನ 80 ಇದ್ದದ್ದು ಮೂರನೇ ದಿನವೂ ಏರುತ್ತಾ ಇದ್ದರೆ ಬೆಂಕಿ ಇನ್ನೂ ಆರಿಲ್ಲ ಎಂದರ್ಥ, ಡಾಕ್ಟರಿಗೆ ತೋರಿಸಿ.

ಬದಿಯಡ್ಕ_ಮಾಷ್ಟ್ರು · 2:05

ಹೊಸ ಕರಡು: “ಗೋಡೆ ದಾಟಿದ ರೋಗಾಣುವನ್ನು ಕಂಡು ದೇಹ ಉರಿಯೂತ ಹೊತ್ತಿಸುತ್ತದೆ, ಹೊತ್ತಿಸುವಾಗಲೇ ಆರಿಸುವ ಕೆಲಸವನ್ನೂ ಶುರು ಮಾಡುತ್ತದೆ. ಆ ಕೆಲಸಕ್ಕೆ ನಾವು ಕೊಡಬಹುದಾದದ್ದು ಸರಿಯಾದ ಹದದ ಉಪ್ಪು, ಸಕ್ಕರೆ, ನೀರು. ಪ್ಯಾಕೆಟ್ ಇಲ್ಲದಿದ್ದರೆ 1 ಲೀಟರ್ ನೀರಿಗೆ 6 ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು.”

ಮುಳ್ಳೇರಿಯ_ನರ್ಸ್ · 2:11

“ಚಮಚ” ಎಂದು ಬಿಡಬೇಡಿ ಮಾಷ್ಟ್ರೆ, 5 ಮಿಲಿಲೀಟರಿನ ಟೀ ಚಮಚ, ಮೇಲ್ಭಾಗ ಚಾಕುವಿನಿಂದ ಸಮ ಮಾಡಿದ್ದು ಎಂದು ಬರೆಯಿರಿ. ಉಪ್ಪು ಪುಡಿ ಉಪ್ಪೇ ಆಗಬೇಕು, ಕಲ್ಲುಪ್ಪಿನ ಅಳತೆ ಬೇರೆ. ಕುದಿಸಿ ತಣಿಸಿದ ನೀರು.

ಬದಿಯಡ್ಕ_ಮಾಷ್ಟ್ರು · 2:14

ತಿದ್ದಿದೆ ಸಿಸ್ಟರ್. ಪಕ್ಕದಲ್ಲಿ ಸಮ ಮಾಡಿದ ಚಮಚದ ಚಿತ್ರವನ್ನೂ ಬರೆಸ್ತೇನೆ.